ಜಾವಾ ಕೂಟದಲ್ಲೊಂದು ಸ್ಪ್ಲೆಂಡರ್

ನಮ್ಮ ಭೇರ್ಯದ ಕಡೆ ಹೊಸಬರು ಸಿಕ್ಕರೆ ಮೊದಲು ಊರು ಯಾವುದೆಂದು ಕೇಳುತ್ತಾರೆ. ಆಮೇಲೆ ಯಾರ ಮನೆಯವರೆಂದು ಕೇಳುತ್ತಾರೆ. ಮೂರನೆಯದೊಂದಿದೆ, ಅದನ್ನು ಬಾಯಿಬಿಟ್ಟು ಕೇಳದೆ ಸುತ್ತಿ ಬಳಸಿ ತಿಳಿದುಕೊಳ್ಳುತ್ತಾರೆ. ಮೋಟಾರ್ ಸೈಕಲ್ಲಿನ ಮಂದಿಗೆ ಈ ನಾಜೂಕೆಲ್ಲ ಗೊತ್ತಿಲ್ಲ. ಹೆಸರು ಕೇಳುವುದಕ್ಕೂ ಮುಂಚೆ "ಗಾಡಿ ಯಾವ್ದು ಸಾರ್?" ಅಂದುಬಿಡುತ್ತಾರೆ. ಉತ್ತರ ಕೇಳಿದ ಮೇಲೆ ಮಾತು ಮುಂದುವರಿಸಬೇಕೋ ಬೇಡವೋ ಎಂಬುದು ತೀರ್ಮಾನ.

ನನ್ನದು ಹೀರೋ ಹೋಂಡಾ ಸ್ಪ್ಲೆಂಡರ್. ಆ ಎರಡು ಕಂಪನಿಗಳು 2010ರ ಡಿಸೆಂಬರಿನಲ್ಲೇ ಬೇರೆ ಹೋಗುವುದಾಗಿ ಹೇಳಿ ಪಾಲು ಮಾಡಿಕೊಂಡವು. ನನ್ನ ಟ್ಯಾಂಕಿನ ಮೇಲೆ ಮಾತ್ರ ಇಬ್ಬರೂ ಇವತ್ತಿಗೂ ಒಂದೇ ಮನೆಯಲ್ಲಿದ್ದಾರೆ. ಬೆಳಿಗ್ಗೆ ಡೈರಿಗೆ ಹಾಲಿನ ಕ್ಯಾನು, ಮಧ್ಯಾಹ್ನ ಗದ್ದೆಗೆ ಯೂರಿಯಾ ಮೂಟೆ, ಸಂಜೆ ಸಾಲಿಗ್ರಾಮಕ್ಕೆ ಮನೆಯಾಕೆ. ಯಾರನ್ನು ಕೂರಿಸಿದರೂ ಅದರ ಸದ್ದು ಬದಲಾಗುವುದಿಲ್ಲ. ಗುಣ ಹೇಳುವುದಾದರೆ ಅದೇ ಗುಣ, ದೋಷ ಹೇಳುವುದಾದರೂ ಅದೇ.

ಕೆ.ಆರ್. ನಗರದಲ್ಲಿರುವ ನನ್ನ ಭಾಮೈದನದು ಯೆಜ್ಡಿ ರೋಡ್‌ಕಿಂಗ್. ಅವನಿಗೆ ಜುಲೈ ಬಂತೆಂದರೆ ಮೈಮೇಲೆ ದೇವರು ಬಂದಂತೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಜಾವಾ, ಯೆಜ್ಡಿ ಇಟ್ಟುಕೊಂಡವರೆಲ್ಲ ಅವತ್ತು ತಮ್ಮ ತಮ್ಮ ಊರಲ್ಲಿ ಒಂದೆಡೆ ಸೇರುತ್ತಾರೆ. ಮೈಸೂರಿಗಂತೂ ಅದು ಮನೆಹಬ್ಬ.

"ಭಾವ, ಈ ಸಲ ನೀವೂ ಬನ್ನಿ" ಅಂದ.

"ನನ್ನದು ಸ್ಪ್ಲೆಂಡರ್ ಕಣಯ್ಯ. ಏನನ್ಕೊಂಡಾರು?"

"ಏನೂ ಅನ್ಕೊಳಲ್ಲ ಬನ್ನಿ ಭಾವ. ದಾರೀಲಿ ಯಾರ್ದಾದ್ರೂ ಗಾಡಿ ನಿಂತ್ರೆ ಪೆಟ್ರೋಲು, ಪ್ಲಗ್ಗು ತರೋಕೆ ಒಂದು ನಡೆಯೋ ಗಾಡಿ ಬೇಕಲ್ಲ!"

ಆಹ್ವಾನವೋ ಕೆಲಸವೋ ಗೊತ್ತಾಗಲಿಲ್ಲ. ಅಂತೂ ಹೊರಟೆ. ಸಂಕ್ರಾಂತಿ ಆಸುಪಾಸಿನಲ್ಲಿ ನಮ್ಮ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ನಡೆಯುತ್ತದಲ್ಲ, ಅಲ್ಲಿ ಕೊಂಬಿಗೆ ಎಣ್ಣೆ ಸವರಿದ ಹಳ್ಳಿಕಾರ್ ಜೋಡಿಗಳ ನಡುವೆ ಜೆರ್ಸಿ ಹಸುವನ್ನು ಹೊಡೆದುಕೊಂಡು ಹೋದವನ ಪಾಡು ನನ್ನದು. ಹಾಲು ಕೊಡುವುದು ನಮ್ಮದೇ, ಆದರೆ ತಿರುಗಿ ನೋಡುವವರಿಲ್ಲ.

ಇಷ್ಟಕ್ಕೂ ಮೈಸೂರಿಗೂ ಜಾವಾಕ್ಕೂ ಏನು ನಂಟು ಎಂದು ಈಗಿನ ಹುಡುಗರು ಕೇಳುತ್ತಾರೆ. ಹಿಂದಿನವರನ್ನು ಕೇಳಿದರೆ ನಂಟಲ್ಲ, ಹೆರಿಗೆಯೇ ಇಲ್ಲಿ ಆಯಿತು ಅನ್ನುತ್ತಾರೆ. ಫರೋಖ್ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿತ್ತು. ಅದನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಆಗ ಅವರು ರಾಜ್ಯದ ರಾಜ್ಯಪಾಲರೂ ಆಗಿದ್ದರು. 1961ರಿಂದ ಅಲ್ಲಿ ಜಾವಾ ತಯಾರಾಯಿತು, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳು ಬಂದವು, 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಬಾಗಿಲು ಮುಚ್ಚಿತು. ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್ ಇಟ್ಟ ಧಾರಾಳಿ ಗಾಡಿ ಅದು. ಹಳೆಯ ಜಾವಾದ ಕೀಲಿಯೋ, ಒಂದು ಮೊಳೆ. ಒಬ್ಬರದು ಇನ್ನೊಬ್ಬರ ಗಾಡಿಗೂ ಆಗುತ್ತಿತ್ತು. ಕಳ್ಳರಿಗೆ ಅನುಕೂಲ ಅನ್ನಬೇಡಿ, ಕೀಲಿ ಕಳೆದುಕೊಂಡವನಿಗೆ ಎಷ್ಟು ಅನುಕೂಲ!

ಕೂಟದಲ್ಲಿ ನನಗೆ ಮೊದಲು ಅರ್ಥವಾದದ್ದು, ಅಲ್ಲಿ ಹೊರಗಿನವನು ನಾನೊಬ್ಬನೇ ಅಲ್ಲ ಎಂಬುದು. ಟ್ಯಾಂಕಿನ ಮೇಲೆ ಜಾವಾ ಎಂದು ಬರೆದಿದ್ದ ಅರವತ್ತರ ದಶಕದ ಗಾಡಿಗಳವರು ಒಂದು ಕಡೆ ನಿಂತಿದ್ದರು. ಅವರ ಕಣ್ಣಿಗೆ ಯೆಜ್ಡಿಯವರು ಆಮೇಲೆ ಬಂದವರು. ಯೆಜ್ಡಿಯವರ ಒಳಗೆ ಮತ್ತೆ ರೋಡ್‌ಕಿಂಗಿನವರು, ಮೊನಾರ್ಕಿನವರು, ಕ್ಲಾಸಿಕ್ಕಿನವರು. ಇವರೆಲ್ಲ ಒಂದಾಗುವುದು 2018ರ ನವೆಂಬರಿನಲ್ಲಿ ಬಂದ ಹೊಸ ಜಾವಾದ ಹುಡುಗ ಬಂದು ನಿಂತಾಗ. ಅವನದು ನಾಲ್ಕು ಸ್ಟ್ರೋಕಿನ, ನೀರಿನಿಂದ ತಣಿಯುವ 293 ಸಿಸಿ ಎಂಜಿನ್ನು. ಹುಟ್ಟಿದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. "ಹೆಸರು ಮಾತ್ರ ನಮ್ದು" ಎಂದು ಹಿರಿಯರೊಬ್ಬರು ಗೊಣಗಿದರು. ಆ ಹುಡುಗ ನನ್ನ ಸ್ಪ್ಲೆಂಡರ್ ಕಡೆ ನೋಡಿ ಸ್ವಲ್ಪ ಸಮಾಧಾನ ಮಾಡಿಕೊಂಡ. ಎಲ್ಲರಿಗೂ ಕೆಳಗೆ ಒಬ್ಬ ಬೇಕಾಗುತ್ತಾನೆ.

ಹುಟ್ಟೂರೇ ಮುಖ್ಯ ಅನ್ನುವುದಾದರೆ ನನ್ನದೊಂದು ತಕರಾರಿದೆ. ಇವತ್ತು ಮೈಸೂರಿನಲ್ಲಿ ದ್ವಿಚಕ್ರ ವಾಹನ ತಯಾರಾಗುವುದು ನಂಜನಗೂಡು ರಸ್ತೆಯ ಟಿವಿಎಸ್ ಕಾರ್ಖಾನೆಯಲ್ಲಿ. ಹಾಗಾದರೆ ಮೈಸೂರಿನ ಗಾಡಿ ಎಂದು ಎದೆಯುಬ್ಬಿಸಿ ಮೆರವಣಿಗೆ ಹೊರಡಬೇಕಾದವರು ಟಿವಿಎಸ್‌ನವರು. ಮತ್ತೆ ಈ ಶುದ್ಧ ಜಾವಾದ ಮೂಲವಾದರೂ ಯಾವುದು? ಜೆಕ್ ದೇಶದ ಜಾನೆಚೆಕ್ ಎಂಬ ಬಂದೂಕಿನ ಕಾರ್ಖಾನೆದಾರ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕಿನ ವಿನ್ಯಾಸ ಕೊಂಡುಕೊಂಡು ಶುರುಮಾಡಿದ್ದು. ಮೂಲದಲ್ಲೇ ಬೆರಕೆ! ಇದನ್ನು ಆ ಹಿರಿಯರ ಮುಂದೆ ಹೇಳುವ ಧೈರ್ಯ ನನಗಾಗಲಿಲ್ಲ. ಉಪ್ಪಿಟ್ಟು ಅವರ ಕಡೆಯದಾಗಿತ್ತು.

ಆ ಹಿರಿಯರು ಗಾಡಿ ಸ್ಟಾರ್ಟ್ ಮಾಡುವುದನ್ನು ನೋಡಬೇಕಿತ್ತು. ಈ ಗಾಡಿಗಳಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್, ಎಡಗಡೆ. ಮೊದಲು ಪೆಟ್ರೋಲ್ ಕಾಕ್ ತಿರುಗಿಸಿದರು. ಕಾರ್ಬೊರೇಟರಿನ ಟಿಕ್ಲರನ್ನು ಬೆರಳಲ್ಲಿ ಎರಡು ಸಲ ಒತ್ತಿದರು, ಬೆರಳಿಗಂಟಿದ ಪೆಟ್ರೋಲನ್ನು ಪಂಚೆಗೆ ಒರೆಸಿಕೊಂಡರು. ಪಾದದ ಬದಿಯಿಂದ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರು; ಗೇರು ಹೋಗಿ ಕಿಕ್ಕರ್ ಆಯಿತು. ಚಪ್ಪಲಿ ಕಾಲಲ್ಲೇ ಒಂದೇ ಒದೆತ. ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು. ಸುತ್ತ ನಿಂತವರು ಮಂಗಳಾರತಿ ತೆಗೆದುಕೊಳ್ಳುವವರ ಹಾಗೆ ಆ ಹೊಗೆಗೆ ಮುಖ ಕೊಟ್ಟರು. ನನ್ನ ಸ್ಪ್ಲೆಂಡರಿನ ಬಟನ್ನನ್ನು ಹೆಬ್ಬೆರಳಲ್ಲಿ ಒತ್ತಿದೆ. ಅದು ಶುರುವಾಯಿತು. ಯಾರೂ ನೋಡಲಿಲ್ಲ.

ವಾಪಸು ಬರುವಾಗ ಇಲವಾಲ ದಾಟಿ, ಬಿಳಿಕೆರೆಗೆ ಇನ್ನೂ ಸ್ವಲ್ಪ ದೂರವಿದೆ ಅನ್ನುವಾಗ ಭಾಮೈದನ ರೋಡ್‌ಕಿಂಗ್ ನಿಂತಿತು. ಪೆಟ್ರೋಲಿಗೆ ಆಯಿಲನ್ನು ಅಳತೆ ನೋಡದೆ ಸುರಿದಿದ್ದ, ಪ್ಲಗ್ಗಿಗೆ ಮಸಿ ಕಟ್ಟಿತ್ತು. ಹೊಗೆಸೊಪ್ಪಿನ ಹೊಲದ ಪಕ್ಕ ನಿಲ್ಲಿಸಿದ್ದೇ ತಡ, ಹಿಂದೆ ಬರುತ್ತಿದ್ದವರೆಲ್ಲ ಇಳಿದರು. ಆಮೇಲೆ ನಡೆದದ್ದು ರಿಪೇರಿಯಲ್ಲ, ವಿಚಾರಸಂಕಿರಣ. ಒಬ್ಬ ಪ್ಲಗ್ ಅಂದ, ಒಬ್ಬ ಪಾಯಿಂಟ್ ಗ್ಯಾಪ್ ಅಂದ, ಒಬ್ಬ ಜೆಟ್ ಕಟ್ಟಿಕೊಂಡಿದೆ ಅಂದ. ನಾಲ್ಕು ಜೇಬಿನಿಂದ ನಾಲ್ಕು ಥರದ ಉಪ್ಪು ಕಾಗದ ಹೊರಬಂತು. ಬೆಳಿಗ್ಗೆ ಪಂಗಡಪಂಗಡವಾಗಿ ನಿಂತಿದ್ದವರು ಈಗ ತಲೆಗೆ ತಲೆ ತಾಗಿಸಿ ಒಂದೇ ಪ್ಲಗ್ಗಿನೊಳಗೆ ಇಣುಕುತ್ತಿದ್ದರು. ಹೊಸ ಜಾವಾದ ಹುಡುಗ ಮೊಬೈಲಿನ ಬೆಳಕು ಹಿಡಿದಿದ್ದ.

ನಾನು ನನ್ನ ಕೆಲಸಕ್ಕೆ ಹೊರಟೆ. ಬಿಳಿಕೆರೆಗೆ ಹೋಗಿ ಹೊಸ ಪ್ಲಗ್ಗು, ಜೊತೆಗೆ ಬಿಸಿ ಬೋಂಡಾ ಕಟ್ಟಿಸಿಕೊಂಡು ಬಂದೆ. ಪ್ಲಗ್ಗಿಗಿಂತ ಮೊದಲು ಬೋಂಡಾ ಖಾಲಿಯಾಯಿತು. "ಇವ್ರು ಯಾರು?" ಎಂದು ಯಾರೋ ಕೇಳಿದ್ದಕ್ಕೆ ಬೆಳಿಗ್ಗೆ ಗೊಣಗಿದ್ದ ಹಿರಿಯರೇ, "ನಮ್ಮವ್ರೇ ಕಣಪ್ಪ, ಭೇರ್ಯದವ್ರು" ಅಂದರು. ಗಾಡಿಯ ಹೆಸರು ಹೇಳಲಿಲ್ಲ. ಹೇಳದೆ ಬಿಟ್ಟದ್ದು ಔದಾರ್ಯವೋ ಸಂಕೋಚವೋ ಅವರಿಗೇ ಗೊತ್ತು.

ಆ ರಸ್ತೆ ಬದಿಯಲ್ಲಿ ಕೂತು ನನಗೆ ಅನ್ನಿಸಿದ್ದಿಷ್ಟು. ಸ್ಪ್ಲೆಂಡರ್ 1994ರಿಂದ ಇದೆ. ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಯಾವ ಸಂತೆಗೆ ಹೋದರೂ ಸಾಲುಸಾಲು ನಿಂತಿರುತ್ತವೆ. ಆದರೆ ಒಬ್ಬ ಸ್ಪ್ಲೆಂಡರಿನವನು ಎದುರಿಗೆ ಬಂದ ಇನ್ನೊಬ್ಬ ಸ್ಪ್ಲೆಂಡರಿನವನಿಗೆ ಕೈಬೀಸಿದ್ದನ್ನು ನೀವು ನೋಡಿದ್ದೀರಾ? ಯಾಕೆ ಬೀಸಬೇಕು? ಅವನಿಂದ ಇವನಿಗೆ ಆಗಬೇಕಾದ್ದೇನೂ ಇಲ್ಲ. ಪಾರ್ಟು ಬೇಕೆಂದರೆ ಪ್ರತಿ ಊರಲ್ಲೂ ಅಂಗಡಿಯಿದೆ. ಹಳೆಯ ಜಾವಾದವರಿಗೆ 1996ರಿಂದ ಕಾರ್ಖಾನೆಯೇ ಇಲ್ಲ. ಒಬ್ಬರಿಗೊಬ್ಬರು ಕಾರ್ಖಾನೆಯಾಗದೆ ಗತ್ಯಂತರವಿರಲಿಲ್ಲ. ಒಬ್ಬನ ಅಟ್ಟದಲ್ಲಿ ಪಿಸ್ಟನ್ ಇರುತ್ತದೆ, ಇನ್ನೊಬ್ಬನಿಗೆ ಮ್ಯಾಗ್ನೆಟ್ ಬಿಚ್ಚುವ ಕೈಚಳಕ ಗೊತ್ತಿರುತ್ತದೆ. ಕೆಡದ ಗಾಡಿಗೆ ಮಾಲೀಕರಿರುತ್ತಾರೆ, ಬಳಗವಿರುವುದಿಲ್ಲ. ಬುಲೆಟ್ಟಿನವರು ಇದನ್ನು ಒಪ್ಪಲಿಕ್ಕಿಲ್ಲ. ಅವರು ಯಾವುದನ್ನೂ ಒಪ್ಪುವುದಿಲ್ಲ, ಅದು ಬೇರೆ ಮಾತು.

ಮನೆಗೆ ಬಂದಾಗ ಮನೆಯಾಕೆ, "ಅವ್ರ ಗಾಡಿ ಜಾತ್ರೆಗೆ ನೀವ್ಯಾಕೆ?" ಅಂದಳು. "ನಿನ್ನ ತಮ್ಮನ್ನ ಮನೆ ಮುಟ್ಸೋಕೆ" ಅಂದೆ. ಅದಕ್ಕೆ ಅವಳ ಹತ್ತಿರ ಉತ್ತರವಿರಲಿಲ್ಲ.

ಮುಂದಿನ ಜುಲೈ ಎರಡನೇ ಭಾನುವಾರ ನೀವೂ ಬನ್ನಿ. ಪ್ಲಾಟಿನಾ ಇರಲಿ, ಎಕ್ಸ್‌ಎಲ್ ಇರಲಿ, ಸಂಕೋಚ ಬೇಡ. ಹಾಸನ ಕಡೆಯಿಂದ ಹೊರಟವರು ಭೇರ್ಯದಲ್ಲಿ ನಿಲ್ಲಿಸಿದರೆ ನಾನೂ ಜೊತೆಗೂಡುತ್ತೇನೆ. ಬರುವಾಗ ಪ್ಲಗ್ ಸ್ಪ್ಯಾನರೂ ಒಂದು ತುಂಡು ಉಪ್ಪು ಕಾಗದವೂ ಜೇಬಿನಲ್ಲಿರಲಿ. ಬೋಂಡಾ ಬಿಳಿಕೆರೆಯಲ್ಲಿ ಸಿಗುತ್ತದೆ.