ಗಾವಿಯಾ ಇಳಿಜಾರಿನಲ್ಲಿ

ನಾನು ಇಟಲಿಯ ವೃತ್ತಿಪರ ಸೈಕ್ಲಿಸ್ಟ್ ಆಗಿದ್ದವನು. ಬೇಸಿಗೆಯಲ್ಲಿ ರಸ್ತೆ, ಚಳಿಗಾಲದಲ್ಲಿ ಟ್ರ್ಯಾಕ್. ರಸ್ತೆಯಲ್ಲಿ ನನ್ನದು ಗ್ರೆಗಾರಿಯೊ ಕೆಲಸ: ನಾಯಕನಿಗೆ ನೀರಿನ ಬಾಟಲಿ ತಂದುಕೊಡುವುದು, ಎದುರುಗಾಳಿಯಲ್ಲಿ ಅವನ ಮುಂದೆ ಓಡಿಸುವುದು, ಅವನ ಚಕ್ರ ಪಂಕ್ಚರಾದರೆ ನನ್ನದನ್ನು ಬಿಚ್ಚಿಕೊಡುವುದು. ಟ್ರ್ಯಾಕಿನಲ್ಲಿ ಮಾತ್ರ ನನ್ನ ಹೆಸರು ಕೂಗುವವರಿದ್ದರು. ಮಿಲಾನಿನ ಆರು ದಿನಗಳ ರೇಸಿನಿಂದ ಚಳಿಗಾಲದ ಮನೆಖರ್ಚು ಹೇಗೋ ಸಾಗುತ್ತಿತ್ತು. 1985ರ ಜನವರಿಯಲ್ಲಿ ಬಿದ್ದ ಹಿಮದ ಭಾರಕ್ಕೆ ಆ ರೇಸು ನಡೆಯುತ್ತಿದ್ದ ಸಾನ್ ಸಿರೊ ಒಳಾಂಗಣ ಕ್ರೀಡಾಂಗಣದ ಚಾವಣಿ ಕುಸಿಯಿತು. ನನ್ನ ಗಳಿಕೆಯೂ ನಿಂತಿತು. ಆಮೇಲೆ ಹೊಟ್ಟೆಪಾಡಿಗೆ ಉಳಿದದ್ದು ವರ್ಷವರ್ಷಕ್ಕೂ ನವೀಕರಿಸಬೇಕಾದ ರಸ್ತೆ ತಂಡದ ಒಪ್ಪಂದ ಒಂದೇ. 1988ರ ಜೂನ್ 5ರಂದು ನಾನು ರೇಸು ಬಿಡದೇ ಇದ್ದುದಕ್ಕೆ ಅದೇ ಕಾರಣ.

ಅಂದು ಇಟಲಿ ಸುತ್ತುವ ರಸ್ತೆ ರೇಸು ಜಿರೊ ದಿತಾಲಿಯಾದ 14ನೇ ಹಂತ. ಕಿಯೆಸಾ ವಾಲ್ಮಲೆಂಕೊದಿಂದ ಬೋರ್ಮಿಯೊವರೆಗೆ 120 ಕಿ.ಮೀ. ನಡುವೆ 2600 ಮೀಟರಿಗೂ ಎತ್ತರದ ಗಾವಿಯಾ ಕಣಿವೆದಾರಿ. 1960ರಲ್ಲಿ ಒಮ್ಮೆ ಹತ್ತಿದ ಮೇಲೆ ಜಿರೊ ಆ ಕಡೆ ಹೋಗಿರಲಿಲ್ಲ. ಮೇಲಿನ ರಸ್ತೆಗೆ ಇನ್ನೂ ಡಾಂಬರು ಬಿದ್ದಿರಲಿಲ್ಲ. ಹೊರಡುವಾಗಲೇ ಮಳೆ. ಮೇಲೆ ಹಿಮ ಬೀಳುತ್ತಿದೆ, ಆದರೂ ರೇಸು ನಡೆಯುತ್ತದೆ ಎಂಬ ಸುದ್ದಿ ಬಂತು. ಅಮೆರಿಕದ ತಂಡದವರು ಬೆಳಿಗ್ಗೆಯೇ ಅಂಗಡಿಗಳಿಗೆ ಹೋಗಿ ಬೆಚ್ಚನೆಯ ಬಟ್ಟೆ ಕೊಂಡಿದ್ದರಂತೆ. ನಮಗಿದ್ದದ್ದು ತೆಳು ಮಳೆಯಂಗಿ, ಎದೆಗೆ ತುರುಕಿಕೊಳ್ಳಲು ದಿನಪತ್ರಿಕೆ.

ಪೊಂತೆ ದಿ ಲೆನ್ಯೊ ದಾಟಿದ ಮೇಲೆ ಏರು ಶುರು. ಟ್ರ್ಯಾಕಿಗಾಗಿ ಬೆಳೆಸಿದ ದಪ್ಪ ತೊಡೆಗಳನ್ನು ಹೊತ್ತು ಬೆಟ್ಟ ಹತ್ತುವುದು ನನಗೆ ಯಾವಾಗಲೂ ಕಷ್ಟವೇ. ಕೆಸರಿನಲ್ಲಿ ಚಕ್ರ ಹೂತುಕೊಳ್ಳುತ್ತಿತ್ತು. ಮಳೆ ಹಿಮವಾಯಿತು, ತಲೆಗೂದಲ ಮೇಲೆ ಗಟ್ಟಿಯಾಗಿ ಕೂತಿತು. ಆದರೂ ಹತ್ತುವಷ್ಟು ಹೊತ್ತು ಮೈಯಲ್ಲಿ ಬಿಸಿ ಇತ್ತು.

ತುದಿಯಲ್ಲಿ ನಮ್ಮ ಸಹಾಯಕರೊಬ್ಬರು ಚಹಾ ಕೊಟ್ಟರು. ಲೋಟ ಹಿಡಿಯಲಾಗಲಿಲ್ಲ, ಅವರೇ ಕುಡಿಸಿದರು. ಮಳೆಯಂಗಿಯ ತೋಳಿಗೆ ಕೈ ತೂರಿಸುವುದೂ ಆಗಲಿಲ್ಲ. ಒಂದೇ ತೋಳು ಹಾಕಿಕೊಂಡು ಹೊರಟೆ.

ಮುಂದೆ ಬೋರ್ಮಿಯೊವರೆಗೆ ಸುಮಾರು 25 ಕಿ.ಮೀ. ಇಳಿಜಾರು. ಬೆವರಿಗೆ, ಮಳೆಗೆ ತೊಯ್ದ ಬಟ್ಟೆ ಗಾಳಿಗೆ ಸೆಟೆದು ನಿಂತಿತು. ಬೆರಳು ಬ್ರೇಕಿನ ಮೇಲಿದೆಯೋ ಇಲ್ಲವೋ ಸ್ಪರ್ಶದಿಂದ ಗೊತ್ತಾಗುತ್ತಿರಲಿಲ್ಲ, ಕಣ್ಣಿನಿಂದ ನೋಡಿಕೊಳ್ಳಬೇಕಿತ್ತು. ರಿಮ್ಮಿಗೆ ಮಂಜುಗಡ್ಡೆ ಕಟ್ಟಿತ್ತು. ಬ್ರೇಕ್ ಒತ್ತಿದರೆ ಮೊದಲು ಏನೂ ಆಗುತ್ತಿರಲಿಲ್ಲ. ಗಡ್ಡೆ ಸವೆದ ಮೇಲೆ ಒಮ್ಮೆಲೇ ಕಚ್ಚುತ್ತಿತ್ತು. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕೇ ಇಲ್ಲ, ಪೆಡಲ್ಲನ್ನು ಕಾಲಿನಿಂದ ತಡೆದೇ ವೇಗ ಇಳಿಸುತ್ತೇವೆ. ಇಲ್ಲಿ ಆ ವಿದ್ಯೆ ನಡೆಯಲಿಲ್ಲ. ಹಲ್ಲುಚಕ್ರಗಳ ಸಂದಿಯಲ್ಲಿ ಹಿಮ ತುಂಬಿ ಗೇರು ಬದಲಾಗುತ್ತಿರಲಿಲ್ಲ. ಚೈನು ಹೆಪ್ಪುಗಟ್ಟದಿರಲಿ ಎಂದು ಬ್ರೇಕ್ ಹಿಡಿದುಕೊಂಡೇ ಪೆಡಲ್ ತುಳಿದೆ. ನಡುಕಕ್ಕೆ ಹ್ಯಾಂಡಲ್ ಅಲುಗಿ ಸೈಕಲ್ ಎರಡು ಕಡೆಗೂ ವಾಲುತ್ತಿತ್ತು. ತಿರುವುಗಳಲ್ಲಿ ಒಂದು ಕಾಲು ನೆಲಕ್ಕೆ ಊರಿಕೊಂಡೇ ಇಳಿದೆ.

ಒಂದೆಡೆ ನಿಂತು ಕೈಗಳ ಮೇಲೆ ಮೂತ್ರ ಮಾಡಿಕೊಂಡೆ. ಹೇಳಿಕೊಳ್ಳಲು ನಾಚಿಕೆಯಿಲ್ಲ, ಅಂದು ಹಾಗೆ ಮಾಡಿದವನು ನಾನೊಬ್ಬನೇ ಅಲ್ಲ. ಒಂದು ಗಳಿಗೆ ಬೆಚ್ಚಗಾಯಿತು, ಮರುಗಳಿಗೆ ನೋವು ಹೆಚ್ಚಿತು. ದಾರಿಬದಿಯಲ್ಲಿ ನಿಂತ ಕಾರುಗಳೊಳಗೆ ಸವಾರರು ಕೂತಿದ್ದರು, ಕೆಲವರು ಅಳುತ್ತಿದ್ದರು. ತುದಿಯನ್ನು ಮೊದಲು ದಾಟಿದ್ದ ಡಚ್ ಸವಾರ ಯೋಹಾನ್ ವಾನ್ ದೆರ್ ವೆಲ್ದೆ ಗಿಡ್ಡ ತೋಳಿನ ಅಂಗಿಯಲ್ಲಿದ್ದರು. ಇಳಿಯಲಾಗದೆ ನಡುವೆ ಆಸರೆ ಪಡೆದು, ಗೆದ್ದವನಿಗಿಂತ ಮುಕ್ಕಾಲು ಗಂಟೆ ತಡವಾಗಿ ಬೋರ್ಮಿಯೊ ಮುಟ್ಟಿದರು. ರೇಸು ನೋಡಲು ಬಂದಿದ್ದ ಹೆಂಗಸೊಬ್ಬರು ನನ್ನನ್ನು ತಡೆದು ನಿಲ್ಲಿಸಿ, ನನ್ನ ಕೈಗಳನ್ನು ತಮ್ಮ ಕೋಟಿನೊಳಗೆ ಅವುಚಿಕೊಂಡರು. “ಸಾಕಪ್ಪಾ, ವ್ಯಾನಿನೊಳಗೆ ಬಾ” ಎಂದರು. ಒಳಗೆ ಕೂತರೆ ಮತ್ತೆ ಏಳುವುದಿಲ್ಲವೆಂದು ಗೊತ್ತಿತ್ತು. ಅವರ ಕೈಗವಸು ಹಾಕಿಸಿಕೊಂಡು ಹೊರಟೆ.

ಬೋರ್ಮಿಯೊದಲ್ಲಿ ಹ್ಯಾಂಡಲ್ಲಿನಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬೇರೆಯವರು ಬಿಡಿಸಿದರು. ಹೆಸರು ಕೇಳಿದರೆ ನಾಲಿಗೆ ಹೊರಳಲಿಲ್ಲ. ಬೆಟ್ಟದ ಮೇಲೆ ಬಾಯಿ ಬಿಡದವನು ಬಿಸಿನೀರಿನ ಕೆಳಗೆ ಕಿರುಚಿದೆ. ಕಿರುಬೆರಳುಗಳಿಗೆ ಸ್ಪರ್ಶಜ್ಞಾನ ಬರಲು ವಾರಗಳೇ ಹಿಡಿದವು. ಅಂದಿನ ಹಂತವನ್ನು ಗೆದ್ದವರು ಎರಿಕ್ ಬ್ರ್ಯೂಕಿಂಕ್. 7 ಸೆಕೆಂಡು ಹಿಂದೆ ಬಂದ ಆಂಡಿ ಹ್ಯಾಂಪ್ಸ್ಟನ್ ನಮ್ಮ ಫ್ರಾಂಕೊ ಕಿಯೊಚ್ಚೊಲಿಯಿಂದ ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಗುಲಾಬಿ ಅಂಗಿ ಕಿತ್ತುಕೊಂಡು, ಕೊನೆಗೆ ಜಿರೊ ಗೆದ್ದ ಮೊದಲ ಅಮೆರಿಕನ್ನರಾದರು. ನನ್ನ ಹೆಸರು ಪಟ್ಟಿಯ ತಳದಲ್ಲೆಲ್ಲೋ ಇತ್ತು. ಮರುದಿನ ಮತ್ತೆ ಸೈಕಲ್ ಹತ್ತಿದೆ. ಒಪ್ಪಂದ ಉಳಿಯಿತು.

ಮರುವರ್ಷ ಹವಾಮಾನ ಕೆಟ್ಟು ಗಾವಿಯಾದ ಹಂತ ರದ್ದಾಯಿತು. 2013ರಲ್ಲೂ ಹಿಮದಿಂದಾಗಿ ಅದೇ ದಾರಿಯ ಹಂತವನ್ನು ಕೈಬಿಟ್ಟರು. 2016ರಿಂದ ವಿಪರೀತ ಹವಾಮಾನಕ್ಕೆಂದೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮವಿದೆ. ಸಂಘಟಕರು, ವೈದ್ಯರ ಜೊತೆ ಸವಾರರ ಪ್ರತಿನಿಧಿಯೂ ಕೂತು ಮಾತಾಡಬೇಕು. ರೇಸು ರದ್ದಾದಾಗಲೆಲ್ಲ ಈಗಿನ ಹುಡುಗರು ಮೆತ್ತಗಾಗಿದ್ದಾರೆ ಎಂದು ಹಳಬರು ಗೊಣಗುತ್ತಾರೆ, ಸಾಕ್ಷಿಗೆ ನಮ್ಮ ದಿನವನ್ನು ಎತ್ತಿ ತೋರಿಸುತ್ತಾರೆ. ದಯವಿಟ್ಟು ನನ್ನ ಹೆಸರಿನಲ್ಲಿ ಆ ಮಾತು ಆಡಬೇಡಿ. ಅಂದು ನನ್ನನ್ನು ಕೆಳಗೆ ಮುಟ್ಟಿಸಿದ್ದು ಕೆಲಸ ಹೋದೀತೆಂಬ ಭಯ. ಅಂಥ ಭಯಕ್ಕೆ ಯಾವ ಸವಾರನೂ ಬೆರಳುಗಳನ್ನು ಒತ್ತೆಯಿಡಬಾರದು.