ನಮ್ಮೂರ ರೈಲ್ ತಾತ

ನಮ್ಮೂರ ರೈಲ್ವೆ ಗೇಟಿನಲ್ಲಿ ಕೆಲಸ ಮಾಡಿ ರಿಟೈರ್ ಆದ ತಾತ ಒಬ್ಬರಿದ್ದರು. ನಾವೆಲ್ಲ ರೈಲ್ ತಾತ ಅಂತಿದ್ವಿ. ಅದಕ್ಕೂ ಮೊದಲು ಅವರು ನೌಕಾಪಡೆಯಲ್ಲಿದ್ದರು. 1971ರ ಯುದ್ಧದಲ್ಲಿ ವಿಕ್ರಾಂತ್ ಹಡಗಿನಲ್ಲಿದ್ದರಂತೆ. ಹಡಗಿನ ಮೇಲಿಂದ ವಿಮಾನ ಹಾರುತ್ತಿದ್ದವು ಅಂದಾಗ ನಾವು ನಂಬಲಿಲ್ಲ. ಆಮೇಲೆ ಮೇಷ್ಟ್ರೇ ನಿಜ ಅಂದರು. ಯುದ್ಧದ ಕಥೆ ಹೇಳಿ ಅಂದರೆ ಮಾತ್ರ ತಾತ ಸುಮ್ಮನೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು ದೀಪ ಇರುತ್ತದೆ. ಕತ್ತಲಲ್ಲಿ ಹಡಗು ಯಾವ ಕಡೆ ಹೋಗುತ್ತಿದೆ ಅಂತ ಅದರಿಂದ ಗೊತ್ತಾಗುತ್ತದೆ. "ಸಮುದ್ರದಲ್ಲೂ ಕೆಂಪು ಹಸಿರು, ಗೇಟಲ್ಲೂ ಕೆಂಪು ಹಸಿರು. ನಂಗೆ ಎರಡೇ ಬಣ್ಣ ಕಣ್ರಪ್ಪಾ" ಎಂದು ನಗುತ್ತಿದ್ದರು. ಕೈಯಲ್ಲಿ ಬಾವುಟ ಇಲ್ಲದಿದ್ದರೆ ಎರಡೂ ಕೈ ತಲೆ ಮೇಲೆ ಎತ್ತಿ ನಿಲ್ಲಬೇಕು, ಅದು ರೈಲು ನಿಲ್ಲಿಸು ಅನ್ನುವ ಗುರುತು. ಅದನ್ನೂ ಕಲಿಸಿದ್ದರು.

ರಿಟೈರ್ ಆದ ಮೇಲೂ ದಿನಾ ಸ್ಕೂಲು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಬಂದು ಚಿಕ್ಕ ಮಕ್ಕಳನ್ನು ಕೈ ಹಿಡಿದು ದಾಟಿಸುತ್ತಿದ್ದರು. ಒಂದನೇ ಕ್ಲಾಸಿನಿಂದ ನನ್ನ ತಮ್ಮ ದಾಟಿದ್ದು ಅವರ ಕೈ ಹಿಡಿದೇ.

ಈ ಆಷಾಢದಲ್ಲಿ ತಾತ ತೀರಿಕೊಂಡರು. ಮಣ್ಣಿಗೆ ಒಯ್ಯುವಾಗ ಗೇಟು ಹಾಕಿತ್ತು. ಚಟ್ಟ ಹೊತ್ತವರು ನಿಂತರು. ದೂರದಲ್ಲಿ ರೈಲು ಕಂಡ ಕೂಡಲೇ ನನ್ನ ತಮ್ಮ ಗೇಟಿನ ಈಚೆ ನಿಂತು ಎರಡೂ ಕೈ ಮೇಲೆತ್ತಿದ. ರೈಲು ಸೀಟಿ ಹಾಕಿಕೊಂಡು ಹೋಯಿತು. ಅವನು ಕೈ ಇಳಿಸಲೇ ಇಲ್ಲ. ಅಪ್ಪ ಬಂದು ಎತ್ತಿಕೊಂಡರು.