ಮೊಟ್ಟೆ ಬಾಂಡ್ಲಿಯ ಮುಸುರೆ

ಮೊಟ್ಟೆ ಪಲ್ಯ ತಳ ಹಿಡಿಯದ ಹಾಗೆ ಮಾಡೋದು ಹೇಗೆ, ಆಮೇಲೆ ಬಾಂಡ್ಲಿ ತೊಳೆಯೋದು ಹೇಗೆ ಅಂತ ಬರೀತೀವಿ ಅಂದಾಗ ಗೆಳೆಯರು ನಕ್ಕರು. ಭೂಮಿಯ ಪ್ರಶ್ನೆ ಇದೆ, ಮೀಸಲಾತಿ ಪ್ರಶ್ನೆ ಇದೆ, ನಿಮಗೆ ಬಾಂಡ್ಲಿ ಪ್ರಶ್ನೆಯೇನ್ರಯ್ಯಾ ಅಂದರು. ಹೌದು ಸ್ವಾಮಿ, ನಮಗೆ ಬಾಂಡ್ಲಿಯೂ ಪ್ರಶ್ನೆಯೇ. ತಿಕ್ಕಿದವರಿಗೆ ಅದು ಗೊತ್ತು.

ನಾವು ಅರಿಶಿನಕುಂಟೆಯವರು. ನೆಲಮಂಗಲಕ್ಕೆ ಅಂಟಿಕೊಂಡ ಊರು. ತುಮಕೂರು ರಸ್ತೆಯ ಲಾರಿಗಳ ಸದ್ದಿನಲ್ಲೇ ನಮಗೆ ನಿದ್ದೆ, ಅದರಲ್ಲೇ ಎಚ್ಚರ. 1980ರ ಆಸುಪಾಸಿನ ಮಾತಿದು. ನಮ್ಮ ಹಟ್ಟಿಯಲ್ಲಿ ಕೋಳಿ ಸಾಕದ ಮನೆ ಇರಲಿಲ್ಲ. ಹಾಗಂತ ಮೊಟ್ಟೆ ತಿನ್ನುವ ಮನೆಗಳೂ ಇರಲಿಲ್ಲ. ಮೊಟ್ಟೆ ಅಂದ್ರೆ ಉಪ್ಪು, ಮೊಟ್ಟೆ ಅಂದ್ರೆ ಸೀಮೆಎಣ್ಣೆ, ಮೊಟ್ಟೆ ಅಂದ್ರೆ ಅಪ್ಪನ ಬೀಡಿ. ಅಂಗಡಿಗೆ ಅದನ್ನ ಕೊಟ್ಟು ಇದನ್ನ ತರೋದು. ಮಿಕ್ಕದ್ದು ಕಾವಿಗೆ. ಬಾಣಂತಿಗೊಂದು, ಜ್ವರ ಬಿಟ್ಟವರಿಗೊಂದು. ಬಿರುಕು ಬಿಟ್ಟ ಮೊಟ್ಟೆಯನ್ನು ಅಂಗಡಿಯವನು ತಗೊಳ್ತಿರಲಿಲ್ಲ. ಅಂಥವು ಎರಡು ಸಿಕ್ಕಿದ ದಿನ ನಮಗೆ ಹಬ್ಬ.

ಎರಡು ಮೊಟ್ಟೆ, ಏಳು ಜನ. ಈರುಳ್ಳಿ ಹೆಚ್ಚಿ ಹಾಕಿ, ಹಸಿಮೆಣಸಿನಕಾಯಿ ಹಾಕಿ ಅವ್ವ ಅದನ್ನು ದೊಡ್ಡದು ಮಾಡೋಳು. ಎಷ್ಟು ದೊಡ್ಡದು ಮಾಡಿದ್ರೂ ಬಾಂಡ್ಲಿಗೆ ಹತ್ತಿಕೊಂಡಷ್ಟು ನಮ್ಮ ಪಾಲಲ್ಲಿ ಕಮ್ಮಿಯೇ. ಉಳ್ಳವರ ಮನೇಲಿ ತಳ ಹಿಡಿದ್ರೆ ಅಡಿಗೆ ಕೆಟ್ಟಿತು ಅಂತಾರೆ. ನಮ್ಮ ಮನೇಲಿ ತಳ ಹಿಡಿದ್ರೆ ಒಂದು ಮಗು ಬರೀ ಖಾರಕ್ಕೆ ಮುದ್ದೆ ಅದ್ದಿ ನುಂಗಬೇಕಾಗಿತ್ತು.

ಅದಕ್ಕೇ ಅವ್ವ ಅವಸರ ಮಾಡ್ತಿರಲಿಲ್ಲ. ಅವಳದು ಕಬ್ಬಿಣದ ಬಾಂಡ್ಲಿ. ಮೊದಲು ಬರೀ ಬಾಂಡ್ಲಿ ಕಾಯಿಸೋಳು. ಬೆರಳಲ್ಲಿ ಒಂದು ಹನಿ ನೀರು ಚಿಮುಕಿಸೋಳು. ಹನಿ ಚುಂಯ್ ಅಂತ ಅಲ್ಲೇ ಇಂಗಿದ್ರೆ ಇನ್ನೂ ಕಾಯಬೇಕು. ಮಣಿ ಹಾಗೆ ಉರುಳಾಡಿದ್ರೆ ಸರಿ. ಆಗ ಸೌದೆ ಹಿಂದಕ್ಕೆಳೆದು, ಉರಿ ಇಳಿಸಿ, ಎಣ್ಣೆ ಬಿಟ್ಟು ಸುತ್ತ ಸವರೋಳು. ಈರುಳ್ಳಿ ಬಾಡಿದ ಮೇಲೆ ಮೊಟ್ಟೆ. ಹುಯ್ದ ಕೂಡಲೇ ಕೆದಕಬಾರದು. ಹತ್ತು ಎಣಿಸುವಷ್ಟು ಹೊತ್ತು ಬಿಟ್ಟರೆ ಅಡಿ ತಾನೇ ಎದ್ದು ಬರ್ತದೆ. ಆಮೇಲೆ ಮಗುಚೋ ಕೈಯನ್ನ ತಳಕ್ಕೆ ತಾಗಿಸಿಕೊಂಡು ನಿಧಾನಕ್ಕೆ ಮಗುಚಬೇಕು. ಇನ್ನೂ ಚೂರು ಹಸಿ ಇದ್ದಂಗೇ ಇಳಿಸಿಬಿಡಬೇಕು. ಮಿಕ್ಕದ್ದು ಬಾಂಡ್ಲಿ ಕಾವಿಗೇ ಬೇಯ್ತದೆ.

ಇದರ ಒಳಗುಟ್ಟು ನಮಗೆ ಓದಿದ ಮೇಲೆ ತಿಳಿದದ್ದು. ಮೊಟ್ಟೆಯ ಲೋಳೆಯಲ್ಲಿರುವ ಪ್ರೋಟೀನು 60 ಡಿಗ್ರಿ ದಾಟಿದ ಮೇಲೆ ಸುರುಳಿ ಬಿಚ್ಚಿಕೊಂಡು ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ತಣ್ಣಗಿನ ಬಾಂಡ್ಲಿಗೆ ಹುಯ್ದರೆ ಲೋಹದ ಸಣ್ಣ ಸಣ್ಣ ಗೀರುಗಳಿಗೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ಕಾದ ಎಣ್ಣೆ ಇದ್ದರೆ ನಡುವೆ ಒಂದು ಪರದೆ ಇದ್ದ ಹಾಗೆ. ಕಬ್ಬಿಣದ ಮೇಲೆ ಎಣ್ಣೆ ಕಾದು ಕಾದು ಕಪ್ಪು ಪೊರೆ ಕಟ್ಟುತ್ತದೆ, ಅದು ಇನ್ನೊಂದು ಕಾವಲು. ಅವ್ವ ಅದನ್ನ ಬಾಂಡ್ಲಿ ಪಳಗೋದು ಅನ್ನೋಳು. ಅವಳು ಯಾವ ಶಾಲೆ ಮೆಟ್ಟಿಲೂ ಹತ್ತಿದವಳಲ್ಲ.

ತೊಳೆಯೋದೂ ಅಷ್ಟೇ ಸಲೀಸು. ಪಲ್ಯ ಹಂಚಿದ ಮೇಲೆ ಬಿಸಿ ಮುದ್ದೆಯ ಒಂದು ತುಂಡನ್ನು ಬಾಂಡ್ಲಿಯೊಳಗೆ ಸುತ್ತ ಒರೆಸೋಳು. ಹತ್ತಿದ ಚೂರುಪಾರು, ಎಣ್ಣೆ, ಉಪ್ಪು ಎಲ್ಲ ಮುದ್ದೆಗೆ ಬರ್ತಿತ್ತು. ಆ ತುತ್ತಿಗೆ ನಮ್ಮಲ್ಲಿ ಸರದಿ ಇತ್ತು, ಸರದಿಗೆ ಜಗಳವೂ ಇತ್ತು. ಆಮೇಲೆ ನೀರು ಹಾಕಿ ತೆಂಗಿನ ನಾರಲ್ಲಿ ಒಂದು ಸುತ್ತು, ಒಲೆ ಮೇಲಿಟ್ಟು ತೇವ ಆರಿಸಿ ಚೂರು ಎಣ್ಣೆ ಸವರಿದರೆ ಮುಗೀತು. ಬೂದಿ ಹೊರಗಿನ ಮಸಿಗೆ ಮಾತ್ರ. ಒಳಗೆ ಹಾಕಿ ತಿಕ್ಕಿದ್ರೆ ಪಳಗಿದ್ದೆಲ್ಲಾ ಹೋಗ್ತದೆ.

ಆಮೇಲೆ ಅಪ್ಪ ಪೀಣ್ಯದಲ್ಲಿ ಕೂಲಿ ಹುಡುಕಿಕೊಂಡ. ಅವ್ವ ಬಸ್ಸು ಹತ್ತಿ ಯಶವಂತಪುರದಲ್ಲಿಳಿದು ಮನೆಗಳ ಮುಸುರೆ ತಿಕ್ಕೋಕೆ ಹೋದಳು. ರಜಾ ದಿನ ನಾವೂ ಜೊತೆಗೆ ಹೋಗ್ತಿದ್ವಿ. ಒಂದು ಮನೆಯವರು ಮೊಟ್ಟೆ ಅನ್ನೋ ಮಾತನ್ನೂ ಬಾಯಲ್ಲಿ ಆಡುವವರಲ್ಲ. ಆದರೆ ಹಿತ್ತಲ ಒಗೆಯೋ ಕಲ್ಲಿನ ಹಿಂದೆ ಒಂದು ಸೀಮೆಎಣ್ಣೆ ಸ್ಟೌವು, ಅದರ ಪಕ್ಕ ಒಂದು ತೆಳ್ಳಗಿನ ಅಲ್ಯೂಮಿನಿಯಂ ಬಾಂಡ್ಲಿ ಮರೆಯಾಗಿ ಇರ್ತಿತ್ತು. ಮಗನಿಗೆ ಡಾಕ್ಟರು ಮೊಟ್ಟೆ ತಿನ್ನೋಕೆ ಹೇಳಿದ್ರಂತೆ. ರಾತ್ರಿ ಆ ಹುಡುಗ ತಣ್ಣಗಿನ ಬಾಂಡ್ಲಿಗೆ ಮೊಟ್ಟೆ ಒಡೆದು, ಉರಿ ಜಾಸ್ತಿ ಇಟ್ಟು, ಮೇಲುಮೇಲಿಂದು ತಿಂದು ಹಾಗೇ ಬಿಟ್ಟು ಹೋಗ್ತಿದ್ದ. ಬೆಳಿಗ್ಗೆ ಹೊತ್ತಿಗೆ ಅದು ಗಾರೆ ಹಾಗೆ ಒಣಗಿರ್ತಿತ್ತು. ಅವ್ವ ಗಳಿಗೆಗಟ್ಟಲೆ ಕೂತು ಕೆರೆಯೋಳು.

ಆ ಮನೆಯಲ್ಲಿ ಅವ್ವ ತಿಕ್ಕಿದ ಪಾತ್ರೆಗಳ ಮೇಲೆ ಇನ್ನೊಂದು ಚೊಂಬು ನೀರು ಹುಯ್ದು ಒಳಗೆ ತಗೊಳ್ತಿದ್ರು. ಮೊಟ್ಟೆ ಬಾಂಡ್ಲಿಗೆ ಮಾತ್ರ ಹುಯ್ಯುತ್ತಿರಲಿಲ್ಲ. ಅದು ಹೆಂಗಿದ್ರೂ ಹೊರಗಿಂದು, ನಮ್ಮ ಹಾಗೆ.

ಒಂದಿನ ಅವ್ವ ಬಾಯಿಬಿಟ್ಟು ಹೇಳಿದಳು: "ಅಮ್ಮಾವ್ರೇ, ರಾತ್ರೀನೇ ಒಸಿ ತಣ್ಣೀರು ಹುಯ್ದಿಟ್ಬಿಡಿ. ಬಿಸಿನೀರು ಬ್ಯಾಡಿ, ಬಿಸಿನೀರಿಗೆ ಇನ್ನೂ ಗಟ್ಟಿಯಾಗಿ ಹಿಡ್ಕೊಳ್ತದೆ."

ಆ ಅಮ್ಮ ಬಾಗಿಲಲ್ಲೇ ನಿಂತು, "ನೀರು ಹುಯ್ಯೋಕೂ ನಾವು ಅದನ್ನ ಮುಟ್ಟಬೇಕಲ್ಲಮ್ಮ" ಅಂದರು.

ತಿನ್ನೋಕೆ ಮೈಲಿಗೆ ಇಲ್ಲ, ತೊಳೆಯೋಕೆ ಮೈಲಿಗೆ. ಇದನ್ನ ನಾವು ಯಾವ ಶಾಸ್ತ್ರದಲ್ಲಿ ಹುಡುಕೋದು?

ವರ್ಷಗಳು ಕಳೆದ ಮೇಲೆ ಮನೆಗಳಿಗೆ ನಾನ್‌ಸ್ಟಿಕ್ ಬಂತು. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ ವಸ್ತುವಿನ ಲೇಪ ಅದಕ್ಕೆ. ಕಬ್ಬಿಣದ ನಾರು ತಾಕಿಸಬಾರದು ಅಂತ ಅವ್ವನಿಗೆ ಯಾರೂ ಹೇಳಲಿಲ್ಲ. ಮೊದಲ ದಿನವೇ ಗೀರು ಬಿತ್ತು, ಸಂಬಳದಲ್ಲಿ ಮುರಿದುಕೊಂಡರು. ಆ ಲೇಪ ತಯಾರಿಸಲು ಬಳಸುತ್ತಿದ್ದ ಸಿ-8 ಅನ್ನೋ ರಾಸಾಯನಿಕ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಸುತ್ತಿನ ಜನ ಕುಡಿಯುವ ನೀರಿಗೆ ಸೇರಿತ್ತು. ಮೊಕದ್ದಮೆಗಳು ನಡೆದು 2017ರಲ್ಲಿ ಸುಮಾರು 67 ಕೋಟಿ ಡಾಲರ್ ಕೊಡಲು ಕಂಪನಿಗಳು ಒಪ್ಪಿದವು. ಬಾಂಡ್ಲಿಗೆ ಹತ್ತದೇ ಇದ್ದದ್ದು ಇನ್ಯಾರದೋ ಮೈಗೆ ಹತ್ತಿತ್ತು.

ಮೊಟ್ಟೆಯ ಜಗಳ ಈಗ ಹಿತ್ತಲಿಂದ ಬೀದಿಗೆ ಬಂದಿದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ಬೇಡ ಅಂದರು. ಕೊಡದೇ ಇದ್ರೆ ನಿಮ್ಮ ಮಠಕ್ಕೇ ಬಂದು ತಿಂತೀವಿ ಅಂತ ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಸವಾಲು ಹಾಕಿದಳು. ಆಮೇಲೆ ಅದು ರಾಜ್ಯಕ್ಕೆಲ್ಲಾ ಬಂತು. 2024ರ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯ್ತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು. ಬಿರುಕು ಬಿಟ್ಟದ್ದಕ್ಕೆ ಕಾದು ಕೂತವರಿಗೆ ಆ 6 ಗ್ರಾಮಿನ ತೂಕ ಗೊತ್ತು.

ಇಷ್ಟೆಲ್ಲಾ ಹೇಳಿ ನಮ್ಮ ತಟ್ಟೆ ನೋಡಿಕೊಳ್ಳದಿದ್ದರೆ ಅದು ಮೋಸ. ನಾವು ಗಂಡಸರು ಸಭೆ ಮಾಡಿದೆವು, ಜಾಥಾ ಮಾಡಿದೆವು, ಮುಸುರೆ ತಿಕ್ಕುವ ಕೈಗಳ ಬಗ್ಗೆ ಗಂಟಲು ಹರಿಯೋ ಹಾಗೆ ಮಾತಾಡಿದೆವು. ರಾತ್ರಿ ಹತ್ತಾರು ಜನ ಗೆಳೆಯರನ್ನ ಕರಕೊಂಡು ಮನೆಗೆ ಬಂದರೆ ಅವ್ವ ಎದ್ದು ಮೊಟ್ಟೆ ಪಲ್ಯ ಮಾಡಿ ಬಡಿಸೋಳು. ಉಂಡು ಕೈ ತೊಳೆದು ಕ್ರಾಂತಿಯ ಮಾತು ಮುಂದುವರಿಸ್ತಿದ್ವಿ. ಬೆಂಗಳೂರಲ್ಲಿ ನಾಲ್ಕು ಮನೆ ಮುಸುರೆ ತಿಕ್ಕಿ ಬಂದವಳು ಐದನೇದು ನಮ್ಮದನ್ನು ತಿಕ್ಕೋಳು. ಒಂದು ಸಲವೂ ಯಾರೂ, ಬಿಡವ್ವ ನಾವು ತೊಳೀತೀವಿ ಅನ್ನಲಿಲ್ಲ. ಆ ಹಿತ್ತಲ ಹುಡುಗನಿಗೂ ನಮಗೂ ಎಷ್ಟು ವ್ಯತ್ಯಾಸ ಇತ್ತು?

ಅವ್ವ ಈಗಿಲ್ಲ. ಬಾಂಡ್ಲಿ ಇದೆ. ನಮ್ಮ ಮನೆಯಲ್ಲಿ ಈಗ ಒಂದೇ ಕಾನೂನು: ಯಾರು ಉಣ್ಣುತ್ತಾರೋ ಅವರು ಸರದಿ ಪ್ರಕಾರ ತೊಳೀಬೇಕು, ಗಂಡು ಹೆಣ್ಣು ಅನ್ನೋ ಹಾಗಿಲ್ಲ. ನಿನ್ನೆ ರಾತ್ರಿಯ ಸರದಿ ನಮ್ಮದೇ. ಅವಸರ ಮಾಡಿ ಬಾಂಡ್ಲಿ ಕಾಯುವ ಮೊದಲೇ ಮೊಟ್ಟೆ ಹುಯ್ದೆವು. ತಳ ಹಿಡಿಯಿತು. ತಣ್ಣೀರು ಹಾಕಿ ನೆನೆಯಲು ಬಿಟ್ಟು, ಮಲಗುವ ಮುಂಚೆ ನಾವೇ ತಿಕ್ಕಿ, ಒಲೆ ಮೇಲೆ ಆರಿಸಿ, ಎಣ್ಣೆ ಸವರಿ ಇಟ್ಟೆವು.